ಸೆಕೆ ಅಲ್ಲ, ಝಳ

ಶ್ಯಾಮಲಾಳ ಸಿಟ್ಟು ಸಾಗರದಲ್ಲಿ ನಾಲ್ಕು ಜನಕ್ಕೆ ಗೊತ್ತಿದ್ದದ್ದೇ. ಹದಿನೇಳು ವರ್ಷದಿಂದ ಇಂಜಿನಿಯರ್ ಗಿರಿಧರ ಅವರ ಆಫೀಸಿನಲ್ಲಿ ನಕ್ಷೆ ಬರೆಯುವ ಈ ಡಿಪ್ಲೊಮಾದವಳು, ಬೆಳಿಗ್ಗೆ ಆನಂದಪುರದ ಬಸ್ಸಿಳಿಯುವ ಮೊದಲೇ ಕಂಡಕ್ಟರನ ಹತ್ತಿರ ಒಂದು ಜಗಳ ಮುಗಿಸಿರುತ್ತಾಳೆ. ಗೋಡೆ ಅರ್ಧ ಇಂಚು ವಾಲಿದರೂ ಕೆಡವಿ ಮತ್ತೆ ಕಟ್ಟುತ್ತಿದ್ದ ಗಾರೆ ಕೆಲಸದ ಗೋಪಾಲಪ್ಪನ ಮಗಳು ಇನ್ನು ಹೇಗಿರಬೇಕು? ಆದರೆ ಈ ಏಪ್ರಿಲ್‌ನಲ್ಲಿ ಬಂದ ಸಿಟ್ಟು ಬೇರೆ. ಅದರಲ್ಲಿ ಅರ್ಧ ಅವಳ ಮೇಲೇ ಇತ್ತು.

ಸೊಪ್ಪಿನ ಬೀದಿಯ ಹದಿನಾಲ್ಕು ಹೊಂಗೆ ಮರ ಕಡಿದು ಕಾಂಕ್ರೀಟ್ ರಸ್ತೆ ಮಾಡುವುದು ನಗರಸಭೆಯ ಯೋಜನೆ. ಮರ ಹೋದರೆ ಬೀದಿ ಎಷ್ಟು ಕಾಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ವರದಿ ಕೊಡುವ ಕೆಲಸ ಗಿರಿಧರರಿಗೆ ಸಿಕ್ಕಿತು. ಸಾಫ್ಟ್‌ವೇರನ್ನು ಅವರೇ ಆರಿಸಿದರು. ಆರಿಸುವುದೇನು ಬಂತು, ಯಾವುದರಲ್ಲಿ ಬಣ್ಣದ ಚಿತ್ರ ಚೆಂದ ಬರುತ್ತದೋ ಅದು! ಅದಕ್ಕೆ ಬರುತ್ತಿದ್ದದ್ದು ಗಾಳಿಯ ಬಿಸಿಯ ಲೆಕ್ಕ ಮಾತ್ರ. ಮರ ಇದ್ದರೂ ಹೋದರೂ ಗಾಳಿಗೆ ಅರ್ಧ ಡಿಗ್ರಿಯಷ್ಟೇ ವ್ಯತ್ಯಾಸ ಎಂದು ಅದು ಹೇಳಿತು. ಅದರ ಜೊತೆಗೆ ಶ್ಯಾಮಲಾಳೇ ಪ್ರಶ್ನೆ ಬರೆದು ಬೀದಿ ಸುತ್ತಿ ಮಾಡಿದ ಸಮೀಕ್ಷೆ. ‘ಇಲ್ಲಿ ಸೆಕೆ ಆಗುತ್ತದೆಯೇ?’ ಎಂದು ಕೇಳಿದ್ದಕ್ಕೆ ನಲವತ್ತಾರು ವ್ಯಾಪಾರಿಗಳಲ್ಲಿ ನಲವತ್ತೊಂದು ಜನ ಇಲ್ಲ ಎಂದಿದ್ದರು. ಗಿರಿಧರರಿಗೆ ಇನ್ನೇನು ಬೇಕು, ವರದಿ ಬರೆದು ಮುಗಿಸಿದರು.

ಕರೆಂಟಿನ ತಂತಿಗೆ ತಾಗುತ್ತದೆಂದು ತುದಿಯ ಮರವೊಂದನ್ನು ಸಮೀಕ್ಷೆಗೂ ಮೊದಲೇ ಉರುಳಿಸಿದ್ದರು. ಆ ಬುಡದ ಪಕ್ಕದಲ್ಲಿ ಸಾರಿಗೆ ಹಾಕುವ ಮುರುಗನಹುಳಿ, ಸೊಪ್ಪು ಇಟ್ಟುಕೊಂಡು ಕೂರುವ ಕನ್ನಮ್ಮ, ವರದಿ ಕೊಟ್ಟ ದಿನ ಮಧ್ಯಾಹ್ನ ತಲೆಯ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡಿದ್ದಳು. ಹರಿವೆ ಸೊಪ್ಪು ಬಾಡಿ ಮಲಗಿತ್ತು. ಶ್ಯಾಮಲಾ ಸುಮ್ಮನಿರದೆ ಕೇಳಿದಳು.

“ಸೆಕೆ ಇಲ್ಲ ಅಂತ ಬರೆಸಿದ್ಯಲ್ಲ ಕನ್ನಮ್ಮ, ಈಗೇನಾಯ್ತು?”

“ಸೆಕೆ ಎಲ್ಲೈತೆ ಮಾರಾಯ್ತಿ? ಸೆಕೆ ಅಂದ್ರೆ ಮಳೆ ಮುಂಚೆ ಮೈಯೆಲ್ಲ ಅಂಟಂಟು ಆಗೋದು. ಇದು ಝಳ! ಮೇಲಿಂದ ಬಿಸ್ಲು, ಕೆಳಗಿಂದ ಡಾಂಬರು. ನೀ ಸೆಕೆ ಕೇಳ್ದೆ, ನಾ ಇಲ್ಲ ಅಂದೆ. ಝಳ ಕೇಳಿದ್ಯಾ?”

ಶ್ಯಾಮಲಾಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಅಪ್ಪ ಬಿಸಿಲಿಗೆ ಕಾದ ಗೋಡೆಯನ್ನು ಮುಟ್ಟುತ್ತಿರಲಿಲ್ಲ, ಒಂದು ಗೇಣು ದೂರ ಅಂಗೈ ಹಿಡಿದು “ಝಳ ನೋಡು” ಎನ್ನುತ್ತಿದ್ದ. ಅಂಥವನ ಮಗಳು, ಫಾರ್ಮಿನಲ್ಲಿ ಸೆಕೆ ಎಂದು ಬರೆದುಬಿಟ್ಟಿದ್ದಳು.

ಮರುದಿನದಿಂದ ಆಫೀಸಿನ ಕಂಪ್ಯೂಟರನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಗಾಳಿ, ಬಿಸಿಲು, ಎಲೆ ಎಲ್ಲವನ್ನೂ ಲೆಕ್ಕ ಹಾಕುವ ಒಂದು ದೊಡ್ಡ ಸಾಫ್ಟ್‌ವೇರ್ ಇತ್ತು. ಒಂದು ಮಧ್ಯಾಹ್ನದ ಲೆಕ್ಕಕ್ಕೆ ಎಂಟು ದಿನ ಬೇಕು ಎಂದಿತು. ವರದಿಗೆ ಸಹಿ ಬೀಳುವ ನಗರಸಭೆಯ ಸಭೆಗೆ ಉಳಿದದ್ದು ನಾಲ್ಕೇ ದಿನ. ಪುಕ್ಕಟೆ ಸಿಗುವ ಮತ್ತೊಂದಕ್ಕೆ ಗಾಳಿಯ ಗೊಡವೆ ಅಷ್ಟಾಗಿ ಇರಲಿಲ್ಲ, ಆದರೆ ನೆರಳು ಎಲ್ಲಿ ಬೀಳುತ್ತದೆ, ನೆಲ ಗೋಡೆಗಳಿಂದ ಮನುಷ್ಯನ ಮೈಗೆ ಎಷ್ಟು ಕಾವು ಹೊಡೆಯುತ್ತದೆ ಎಂದು ಹೇಳುತ್ತಿತ್ತು. ಕನ್ನಮ್ಮನ ಪ್ರಶ್ನೆಗೆ ಉತ್ತರ ಇರುವುದು ಇದರಲ್ಲೇ. ಮೈಗೆ ಹೊಡೆಯುವ ಕಾವು ಮರದಡಿ ಮೂವತ್ತಮೂರು ಡಿಗ್ರಿ, ಕಡಿದ ಬುಡದ ಹತ್ತಿರ ಅರವತ್ತೊಂದು.

ಹೊಸ ಲೆಕ್ಕ ನೋಡಿ ಗಿರಿಧರ ಕನ್ನಡಕ ಏರಿಸಿದರು. “ಝಳ ಅಂತ ವರದೀಲಿ ಬರೆಯೋಕಾಗುತ್ತಾ ಶ್ಯಾಮಲಾ? ಕೊಟ್ಟಾಯ್ತು, ಬಿಡು. ಅಲ್ಲದೆ ಸಮೀಕ್ಷೆ ನಿಂದೇ ಅಲ್ವಾ?”

“ನಂದೇ ಸಾರ್. ಅದಕ್ಕೇ ಬಿಡಲ್ಲ.”

ಸಭೆಯಲ್ಲಿ ಗಿರಿಧರರ ಬಣ್ಣದ ಚಿತ್ರಗಳು ಗೋಡೆಯ ಮೇಲೆ ಒಂದೊಂದಾಗಿ ಮೂಡಿದವು. ನಲವತ್ತೊಂದು ಜನರ ‘ಇಲ್ಲ’ ಬಂದಾಗ ಶ್ಯಾಮಲಾ ಎದ್ದು ನಿಂತಳು.

“ಆ ಉತ್ರ ಸುಳ್ಳಲ್ಲ, ನನ್ನ ಪ್ರಶ್ನೆ ತಪ್ಪು. ನೆರಳಲ್ಲಿ ಕೂತೋರನ್ನ ಸೆಕೆ ಆಗ್ತದಾ ಅಂತ ಕೇಳಿದೀನಿ. ಸಾಫ್ಟ್‌ವೇರೂ ನನ್ನ ಹಾಗೇ, ಗಾಳಿ ಎಷ್ಟು ಬಿಸಿ ಅಂತ ನೋಡಿ, ಮೈಗೆ ಎಷ್ಟು ಕಾವು ಹೊಡಿತದೆ ಅನ್ನೋದು ಬಿಟ್ಟಿದೆ. ಅದು ಮರದಡಿ ಮೂವತ್ತಮೂರು ಡಿಗ್ರಿ, ತುದೀಲಿ ಕಡಿದ ಬುಡದ ಹತ್ರ ಅರವತ್ತೊಂದು. ನಂಬಿಕೆ ಬರದಿದ್ರೆ ಮಧ್ಯಾಹ್ನ ಒಂದು ಗಂಟೆಗೆ ಆ ಬುಡದ ಹತ್ರ ಹತ್ತು ನಿಮಿಷ ಕೂತು ಬನ್ನಿ. ಆಮೇಲೆ ಸಹಿ ಹಾಕಿ!”

ಕೂರುವುದಕ್ಕೆ ಯಾರೂ ಹೋಗಲಿಲ್ಲ. ಸಹಿಯನ್ನೂ ಹಾಕಲಿಲ್ಲ. ಹದಿನೈದು ದಿನದಲ್ಲಿ ಸಮೀಕ್ಷೆ, ಲೆಕ್ಕ ಎರಡನ್ನೂ ಹೊಸದಾಗಿ ತರಬೇಕು, ಅಲ್ಲಿಯವರೆಗೆ ಕೊಡಲಿ ಮುಟ್ಟಬಾರದು ಎಂದಾಯಿತು. ಗಿರಿಧರ ಆಮೇಲೆ ಅವಳ ಹತ್ತಿರ ಮಾತು ಬಿಟ್ಟರು. ಬಿಡಲಿ, ನಷ್ಟ ಯಾರಿಗೆ?

ಶ್ಯಾಮಲಾ ಹೊಸ ಫಾರ್ಮು ಹಿಡಿದು ಮಟಮಟ ಮಧ್ಯಾಹ್ನವೇ ಬೀದಿಗೆ ಬಂದು ಕನ್ನಮ್ಮನ ಎದುರು ಕುಕ್ಕರಗಾಲಲ್ಲಿ ಕುಳಿತಳು. ನೆಲದ ಕಾವು ಮುಖಕ್ಕೆ ರಾಚಿತು.

“ಝಳ ಹೊಡಿತದಾ ಕನ್ನಮ್ಮ?”

ಕನ್ನಮ್ಮ ತಲೆಯ ಬಟ್ಟೆ ತೆಗೆದು ಹಿಂಡಿದಳು. ಒಂದು ಹನಿಯೂ ಬೀಳಲಿಲ್ಲ.

“ನಿಂಗೆ ಹೊಡಿತಿಲ್ವಾ?” ಎಂದಳು. “ಮೊದ್ಲು ನಿಂದು ಬರ್ಕೋ.”