ಸುಟ್ಟ ಗುಡ್ಡದಲ್ಲಿ ಅವ್ವ ತೋರಿಸಿದ ನೀರು

ಮದುವೆಯಾಗಿ ಹರಪನಹಳ್ಳಿಗೆ ಬಂದ ಮೇಲೂ ಸೀತಾಫಲದ ಕಾಲಕ್ಕೆ ತವರಿಗೆ ಹೋಗುವುದನ್ನು ನಾನು ಬಿಟ್ಟಿರಲಿಲ್ಲ. ಕೂಡ್ಲಿಗಿ ತಾಲ್ಲೂಕಿನ ನಮ್ಮೂರಿನ ಬೆನ್ನಿಗೇ ಒಂದು ಕಲ್ಲುಗುಡ್ಡವಿದೆ. ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಅದರ ಬಂಡೆಗಳ ಸಂದಿಯಲ್ಲೆಲ್ಲ ಸೀತಾಫಲದ ಕಾಯಿಗಳು ಕಣ್ಣು ಬಿಡುತ್ತಿದ್ದವು. ಅವ್ವ, ಅಕ್ಕ, ನಾನು ಬೆಳಿಗ್ಗೆಯೇ ಬುಟ್ಟಿ ಹಿಡಿದು ಹತ್ತುತ್ತಿದ್ದೆವು. ಅಕ್ಕನನ್ನು ಕೊಟ್ಟದ್ದು ಹಗರಿಬೊಮ್ಮನಹಳ್ಳಿಗೆ. ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದ ಅವಳು ಆ ಒಂದು ದಿನಕ್ಕಾಗಿ ಎಂಥ ತುರ್ತಿನ ಬಟ್ಟೆಯನ್ನೂ ಬದಿಗಿಟ್ಟು ಬರುತ್ತಿದ್ದಳು. ಬುಟ್ಟಿ ತುಂಬಿದ ಮೇಲೆ ಚಪ್ಪಟೆ ಬಂಡೆಯೊಂದರ ಮೇಲೆ ಕೂತು ರೊಟ್ಟಿ, ಶೇಂಗಾ ಚಟ್ನಿ ತಿನ್ನುವುದು. ಮೂವರೂ ಮನೆಯಲ್ಲಿ ಆಡದ ಮಾತುಗಳನ್ನು ಅಲ್ಲಿ ಆಡುತ್ತಿದ್ದೆವು.

ತೊಂಬತ್ತರ ದಶಕ ಮುಗಿಯುತ್ತಿದ್ದ ದಿನಗಳು. ಶಿವರಾತ್ರಿ ಕಳೆದು ಬಿಸಿಲು ಬಲಿತಿತ್ತು. ನಾನು ಶಾಲೆಯಲ್ಲಿ ಪಾಠ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ನಮ್ಮ ಯಜಮಾನರ ಮೆಕ್ಕೆಜೋಳದ ಅಂಗಡಿಗೆ ಹೋದೆ. ಅಷ್ಟರಲ್ಲೇ ಅಲ್ಲಿಗೆ ಊರಿಂದ ತಮ್ಮನ ಫೋನು ಬಂತು.

"ಅಕ್ಕಾ, ಗುಡ್ಡಕ್ಕ ಬೆಂಕಿ ಬಿದ್ದೈತಿ," ಎಂದ. "ನಿನ್ನಿ ಮಧ್ಯಾಹ್ನ ಹತ್ತಿದ್ದು. ಊರ ಮಂದಿಯೆಲ್ಲ ಹಸಿ ಟೊಂಗಿ ಹಿಡಕೊಂಡು ಬಡಿಯಾಕ ಹತ್ತೀವಿ, ಆರವಲ್ದು."

"ಅವ್ವ?"

"ಮಾಳಿಗಿ ಮ್ಯಾಲೆ ಕುಂತಾಳ. ಅದನ್ನ ನೋಡಕೋಂತ."

ಯಾರೋ ಬೀಡಿ ಎಸೆದರೆಂದು ಕೆಲವರು, ಹೊಸ ಹುಲ್ಲು ಬರಲೆಂದು ಯಾರೋ ಹಚ್ಚಿದ್ದೆಂದು ಕೆಲವರು ಹೇಳಿದರು. ಗೊತ್ತಾಗಲೇ ಇಲ್ಲ. ಮುಂದಿನ ಭಾನುವಾರ ಅಕ್ಕ, ನಾನು ಬೇರೆ ಬೇರೆ ಬಸ್ಸಿನಲ್ಲಿ ಬಂದು ತವರು ಸೇರಿದಾಗ ಬೆಂಕಿ ಆರಿತ್ತು. ವಾಸನೆ ಮಾತ್ರ ಊರು ತುಂಬ ಇತ್ತು. ನಡುಮನೆಯಲ್ಲಿ ಮಡಚಿಟ್ಟ ಕೌದಿಗೂ ಹೊಗೆಯ ವಾಸನೆ.

ನಾವಿಬ್ಬರೂ ಗುಡ್ಡಕ್ಕೆ ಹೊರಟೆವು. ಅವ್ವ ಮೊದಲು ಒಲ್ಲೆನೆಂದಳು. "ಸುಟ್ಟದ್ದನ್ನ ಏನ್ ನೋಡ್ತೀರವ್ವ," ಎಂದವಳು ನಾವು ಊರ ಅಗಸೆಬಾಗಿಲು ದಾಟುವಷ್ಟರಲ್ಲಿ ಸೆರಗು ಕಟ್ಟಿಕೊಂಡು ಹಿಂದೆಯೇ ಬಂದಳು.

ಕಾಲಿಟ್ಟಲ್ಲೆಲ್ಲ ಬೂದಿ ಏಳುತ್ತಿತ್ತು. ಕಾರೆ, ಕವಳಿ, ಬಂದರಿಕೆ, ಯಾವ ಪೊದೆಯ ಗುರುತೂ ಇರಲಿಲ್ಲ. ಸೀತಾಫಲದ ಗಿಡಗಳು ಕರಿ ಕಡ್ಡಿಗಳಾಗಿ ನಿಂತಿದ್ದವು. ಅಕ್ಕ ಒಂದನ್ನು ಹಿಡಿದಳು. ಅದು ಕೈಯಲ್ಲೇ ಮುರಿದು ಬಂತು. ನಾವು ಕೂರುತ್ತಿದ್ದ ಬಂಡೆ ಕಾವಿಗೆ ಸಿಡಿದು, ಮೇಲಿನ ಪದರ ಹಪ್ಪಳದಂತೆ ಎದ್ದಿತ್ತು. ಅಲ್ಲಿ ಅಕ್ಕ ಅತ್ತಳು. ನನಗೆ ಅಳು ಬರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಸೆರಗಿನಿಂದ ಬಂಡೆಯ ಮೇಲಿನ ಬೂದಿ ಒರೆಸುತ್ತ ನಿಂತೆ.

ಅವ್ವ ಅಳಲೂ ಇಲ್ಲ, ನಮ್ಮನ್ನು ಸಮಾಧಾನ ಮಾಡಲೂ ಇಲ್ಲ. ಅವಳು ಸುತ್ತ ನೋಡುತ್ತಿದ್ದಳು, ಮರೆತ ಮನೆಯೊಂದನ್ನು ಓಣಿಯಲ್ಲಿ ಹುಡುಕುವವರ ಹಾಗೆ.

"ನಾ ಈ ಊರಿಗೆ ಬಂದಾಗ ಗುಡ್ಡ ಹಿಂಗಾ ಬಯಲಿತ್ತು," ಎಂದಳು. "ಈ ಲಂಟಾನ ಎಲ್ಲಾ ಆಮ್ಯಾಲೆ ಬಂದದ್ದು."

ಹಾಗೆಂದವಳೇ ಮೇಲಕ್ಕೆ ನಡೆದಳು. ಎಂದೂ ಕಾಲಿಡಲಾಗದಷ್ಟು ಲಂಟಾನದ ಮುಳ್ಳುಪೊದೆ ಮುಚ್ಚಿದ್ದ ಇಳಿಜಾರು ಅದು. ಈಗ ಬರೀ ಬೂದಿ, ಮೊಳಕಾಲೆತ್ತರದ ಕರಿ ಕೂಳೆ. ಎರಡು ದೊಡ್ಡ ಗುಂಡುಗಲ್ಲುಗಳ ನಡುವೆ ಹೊಕ್ಕು, ಮಣ್ಣು ತುಂಬಿದ ಒಂದು ತಗ್ಗಿನ ಮುಂದೆ ನಿಂತಳು.

"ಇಲ್ಲಿ ದೊಣಿ ಇತ್ತು," ಎಂದಳು. ಬಂಡೆಯ ತಗ್ಗಿನಲ್ಲಿ ಮಳೆನೀರು ನಿಲ್ಲುವ ಕೊಳಕ್ಕೆ ನಮ್ಮಲ್ಲಿ ದೊಣಿ ಎನ್ನುತ್ತಾರೆ.

"ಇಷ್ಟು ವರ್ಷ ಒಂದ್ ಮಾತು ಹೇಳಿಲ್ಲಲ್ಲಬೇ," ಎಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತ.

"ಹೇಳಿ ಏನ್ ಮಾಡೂದು? ದಾರಿನಾ ಮುಚ್ಚಿತ್ತು."

ಅಲ್ಲೇ ಕುಕ್ಕರುಗಾಲಲ್ಲಿ ಕೂತು ಹೇಳಿದಳು. ಅವ್ವನ ತವರು ಹಡಗಲಿ ಕಡೆಯ ಮಾಗಳ. ಮನೆಯ ಹಿಂದೆಯೇ ತುಂಗಭದ್ರೆ ಹರಿಯುವ ಊರು. ಹೊಳೆಯಲ್ಲಿ ಈಜಿ ಬೆಳೆದ ಹುಡುಗಿ ಮದುವೆಯಾಗಿ ಬಂದದ್ದು ಕೊಡ ನೀರಿಗೆ ಬಾವಿಯ ಮುಂದೆ ಪಾಳಿ ಹಚ್ಚುವ ಊರಿಗೆ. ದಿನಾ ಅಳುತ್ತಿದ್ದಳಂತೆ. ಆಗ ನಮ್ಮ ಸೋದರತ್ತೆ, ಎಂದರೆ ಅಪ್ಪನ ಅಕ್ಕ, ಸೌದೆ ನೆಪ ಹೇಳಿ ಅವಳನ್ನು ಇಲ್ಲಿಗೆ ಕರೆತಂದರಂತೆ.

"ಕಾಲು ಇಳಿಬಿಟ್ಟು ಕುಂದ್ರು ಅಂದ್ಳು," ಅವ್ವ ಹೇಳಿದಳು. "ನಿಮ್ಮೂರಿನಷ್ಟು ದೊಡ್ಡದಲ್ಲ ನೋಡು, ಆದ್ರ ನೀರು ನೀರಾ ಅಂದ್ಳು. ಅವತ್ತಿಂದ ಅಳೂದು ಬಿಟ್ಟೆ."

ಆ ಅತ್ತೆಯ ಮುಖ ನನಗೆ ನೆನಪಿಲ್ಲ. ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಿದ್ದರು.

ಅಕ್ಕ ಎದ್ದು ಸೆರಗು ಬಿಗಿದು, ಒಂದು ಚೂಪುಗಲ್ಲು ತೆಗೆದುಕೊಂಡು ಮಣ್ಣು ಕೆದರತೊಡಗಿದಳು. ಮಾರನೆಯ ದಿನ ನಾನು ಶಾಲೆಗೆ ರಜೆ ಹಾಕಿದೆ. ತಮ್ಮ ಗುದ್ದಲಿ, ಸಲಿಕೆ ತಂದ. ಓಣಿಯ ಹೆಂಗಸರು ಮೊದಲು "ಏನ್ ಹೊನ್ನು ಹುಗದೀರಿ?" ಎಂದು ನಗಾಡಿದರು, ಆಮೇಲೆ ತಾವೂ ಬುಟ್ಟಿ ತಂದರು. ಸಾಲಾಗಿ ನಿಂತು ಕೈಯಿಂದ ಕೈಗೆ ಮಣ್ಣು ಸಾಗಿಸಿದೆವು. ಸಂಜೆಗೆ ಸಲಿಕೆ ಠಣ್ಣೆಂದು ತಳದ ಬಂಡೆಗೆ ತಾಗಿತು. ನೀರಿನ ಪಸೆಯೂ ಇರಲಿಲ್ಲ.

"ಬರ್ತೈತಿ ಬಿಡ್ರಿ," ಎಂದಳು ಅವ್ವ. "ಮ್ಯಾಲಿಂದಲ್ಲೇನು ಬರೂದು?"

ಬೇಸಿಗೆಯ ಕೊನೆಗೆ ಎರಡು ದೊಡ್ಡ ಮಳೆಯಾದವು. ರಜೆಯಲ್ಲಿ ತವರಲ್ಲೇ ಇದ್ದೆ, ಅಕ್ಕನೂ ಬಂದಳು. ಗುಡ್ಡ ಹತ್ತುವಾಗ ಬೂದಿಯ ನಡುವೆ ಹುಲ್ಲು ಸೂಜಿಯಂತೆ ಎದ್ದಿತ್ತು. ಸತ್ತವೆಂದುಕೊಂಡಿದ್ದ ಸೀತಾಫಲದ ಬುಡಗಳಲ್ಲಿ ಗೊಂಚಲು ಗೊಂಚಲಾಗಿ ಎಳೆ ಚಿಗುರು. ಅಕ್ಕ ಪ್ರತಿ ಗಿಡದ ಮುಂದೂ ಬಗ್ಗಿ ನೋಡುತ್ತಿದ್ದುದರಿಂದ ಮೇಲೆ ತಲುಪುವುದು ತಡವಾಯಿತು. ಅಷ್ಟರಲ್ಲಿ ಅವ್ವ ದೊಣಿಯ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟಿದ್ದಳು. ನೀರು ಅವಳ ಮೀನಖಂಡದವರೆಗೆ ಇತ್ತು. ಕೆಂಪಗೆ, ಚಹಾದ ಬಣ್ಣಕ್ಕೆ.

"ತಣ್ಣಗೈತಿ," ಎಂದಳು. "ಕುಂದರ್ರಿ."

ಮೂವರೂ ಕೂತೆವು. ಅಕ್ಕನೂ ನಾನೂ ಅತ್ತೆಯ ಬಗ್ಗೆ ಇನ್ನಷ್ಟು ಕೇಳಿದೆವು. ಅವ್ವ ತಡೆಯಿಲ್ಲದೆ ಹೇಳಿದಳು: ಅತ್ತೆ ಹಾಡುತ್ತಿದ್ದುದು, ಹಠ ಮಾಡುತ್ತಿದ್ದುದು, ಇಬ್ಬರೂ ಒಂದೇ ಸೀರೆಗೆ ಜಗಳವಾಡಿದ್ದು. ನಮಗೊಬ್ಬರು ಹೊಸ ನೆಂಟರು ಸಿಕ್ಕ ಹಾಗಾಯಿತು.

ಅಂದಿನಿಂದ ಪ್ರತಿ ವರ್ಷ ಬಿಸಿಲು ಏರುವ ಮೊದಲು ಓಣಿಯ ಹೆಂಗಸರು ಗುಡ್ಡ ಹತ್ತಿ, ದೊಣಿಯ ಸುತ್ತ ಮರಳಿ ಚಿಗುರುವ ಲಂಟಾನವನ್ನು ಬೇರುಸಹಿತ ಕೀಳುತ್ತಾರೆ. ಒಣಹುಲ್ಲು ಕೊಯ್ದು ದನಗಳಿಗೆ ಹೊತ್ತು ತರುತ್ತಾರೆ. ಒಂದು ಬೇಸಿಗೆಯಲ್ಲಿ ಆಚೆ ಮಗ್ಗುಲಿಗೆ ಮತ್ತೆ ಬೆಂಕಿ ಬಿದ್ದಾಗ, ಹುಲ್ಲು ಕೊಯ್ದ ಜಾಗದವರೆಗೆ ಬಂದು ತಾನೇ ಆರಿತಂತೆ.

ಆ ಮೊದಲ ಬೆಂಕಿ ಬಿದ್ದ ವರ್ಷ ಹಣ್ಣಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಮೂರನೆಯ ಹಂಗಾಮಿಗೆ ಒಂದು ಬುಟ್ಟಿಯ ತಳ ಮುಚ್ಚುವಷ್ಟು ಸಿಕ್ಕವು, ನಿಂಬೆಗಿಂತ ತುಸು ದೊಡ್ಡವು. ಹುಲ್ಲಿನಲ್ಲಿಟ್ಟು ಹಣ್ಣು ಮಾಡಿದೆವು. ಅವ್ವ ಮೊದಲನೆಯದನ್ನು ಒಡೆದು, ಬಾಯಿಗೆ ಹಾಕಿ, ಬೀಜಗಳನ್ನು ಅಂಗೈಗೆ ಉಗುಳಿ ನೋಡಿದಳು.

"ಬರೇ ಬೀಜ," ಎಂದಳು. "ಆದ್ರ ಸಿಹಿ ಐತಿ."

ಇನ್ನೊಂದು ಹಣ್ಣಿಗೆ ಕೈ ಹಾಕಿದಳು.