ಕಾಲಡಿಯ ಹಲಗೆ

ಕುರ್ಚಿಯ ಮೇಲೆ ಕುಳಿತುಕೊಳ್ಳುವುದೇ ಒಬ್ಬರ ಉದ್ಯೋಗವೆಂದರೆ ನಂಬುವವರು ಕಡಿಮೆ. ಹಾಗೆ ದುಡಿಯುತ್ತಿದ್ದ ನನ್ನ ಹಳೆಯ ಶಿಷ್ಯೆಯೊಬ್ಬಳ ಸ್ವಂತ ಅತ್ತಿಗೆಯೇ ಹದಿನೇಳು ವರ್ಷವಾದರೂ ನಂಬಲಿಲ್ಲ. ಮನೆಗೆ ಯಾರು ಬಂದರೂ, "ನಮ್ಮ ನಾದಿನಿ ಕೂತು ಸಂಬಳ ತರ್ತಾಳೆ, ನಾನು ನಿಂತು ಬೇಯಿಸಿ ಹಾಕ್ತೀನಿ" ಎಂದು ನಗುತ್ತಿದ್ದಳು. ಕೂತು ಉಣ್ಣುವವರಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯೂ ಆಗಾಗ ಹೊರಬರುತ್ತಿತ್ತು.

"ಅದು ಕೂತು ಉಣ್ಣೋರಿಗೆ ಅತ್ತಿಗೆ, ನಾನು ಕೂತು ದುಡಿಯೋಳು" ಎಂದು ಇವಳು ಉತ್ತರ ಕೊಡುತ್ತಿದ್ದಳು.

ಚಿಕ್ಕಂದಿನಿಂದಲೂ ಹಾಗೆಯೇ. ಐದನೆಯ ತರಗತಿಯಲ್ಲಿ ನನ್ನ ಮುಂದೆ ಕುಳಿತು ಪಾಠ ಕೇಳಿದವಳು. ಎತ್ತರ ಕಡಿಮೆ, ಮಾತು ಚುರುಕು. ತಂದೆ ತೀರಿಕೊಂಡ ಮೇಲೆ ಓದು ಬಿಟ್ಟು ಹೊಲಿಗೆ ಕಲಿತಳು. ತಮ್ಮಂದಿರನ್ನು ದಡ ಮುಟ್ಟಿಸುವಷ್ಟರಲ್ಲಿ ಮದುವೆಯ ವಯಸ್ಸು ಅವಳನ್ನು ಕೇಳದೆಯೇ ದಾಟಿಹೋಗಿತ್ತು. ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಅವಳಿಗೊಂದು ಮಂಚ, ಒಂದು ಪೆಟ್ಟಿಗೆ.

ಅವಳು ಕೆಲಸಕ್ಕೆ ಸೇರಿದ ಕಾರ್ಖಾನೆ ಸಿರಿವಂತರ ಮನೆಗಳಿಗೆ ಪೀಠೋಪಕರಣ ಮಾಡುವಂಥದು. ಒಂದು ಸೋಫಾಕ್ಕೆ ಚರ್ಮದ ಬಣ್ಣ ಆರಿಸಲು ಗಿರಾಕಿಗಳು ತಿಂಗಳು ತೆಗೆದುಕೊಳ್ಳುತ್ತಿದ್ದರು. ಇವಳು ಹೊಲಿಗೆ ವಿಭಾಗದಲ್ಲಿ ಮೆತ್ತೆಗಳಿಗೆ ಕವರು ಹೊಲಿಯುತ್ತಿದ್ದಳು. ಒಮ್ಮೆ ಆಗಿನ ಡಿಸೈನರು ಮೂರು ಹೊಸ ಕುರ್ಚಿಗಳನ್ನು ಸಾಲಾಗಿ ಇಟ್ಟು, ಕೈಗೆ ಸಿಕ್ಕವರನ್ನೆಲ್ಲ ಕೂರಿಸಿ, "ಹೇಗಿದೆ?" ಎಂದು ಕೇಳಿದರು. ಎಲ್ಲರೂ "ಚೆನ್ನಾಗಿದೆ ಸಾರ್" ಎಂದರು. ಇವಳು ಎರಡನೆಯ ಕುರ್ಚಿಯಿಂದ ಏಳುತ್ತ, "ಇದು ಹತ್ತು ನಿಮಿಷ ನೆಂಟರ ಥರ ಚೆನ್ನಾಗಿ ನೋಡ್ಕೊಳ್ಳುತ್ತೆ ಸಾರ್. ಆಮೇಲೆ, ಇನ್ನೂ ಹೊರಡಲ್ವಾ ಅನ್ನುತ್ತೆ" ಎಂದಳು.

ಅಂದಿನಿಂದ ಹೊಸ ಕುರ್ಚಿ ಯಾವುದೇ ಇರಲಿ, ಮೊದಲು ಕೂರುವವಳು ಅವಳೇ. ಕಾರ್ಖಾನೆಯಲ್ಲಿ ಅವಳಿಗೆ 'ಅಳತೆ ಅಕ್ಕ' ಎಂಬ ಹೆಸರು ಬಿತ್ತು.

ಆದರೆ ತೊಡಕೊಂದಿತ್ತು. ಕುರ್ಚಿಗಳು ಎತ್ತರದ ಗಿರಾಕಿಗಳಿಗಾಗಿ, ಇವಳೋ ಗಿಡ್ಡ. ಅದಕ್ಕೆ ಉಪಾಯ ಹುಡುಕಿದವರು ಕುರ್ಚಿಗಳ ಮರದ ಚೌಕಟ್ಟು ಮಾಡುವ ಮೇಸ್ತ್ರಿ. ಅವಳ ಪಾದದ ಕೆಳಗೆ ಎರಡು ಬೆರಳು ದಪ್ಪದ ಹಲಗೆ ಇಟ್ಟರು, ಬೆನ್ನ ಹಿಂದೆ ಅಷ್ಟೇ ದಪ್ಪದ ಮೆತ್ತೆ ಕೊಟ್ಟರು. ಹಾಗೆ ಕುಳಿತಾಗ ಅವಳಿಗೆ ಹಿತವೆನಿಸಿದರೆ, ಹಲಗೆ ಮೆತ್ತೆಗಳಿಲ್ಲದೆ ಎತ್ತರದವರಿಗೆ ಹಿತ. ಡಿಸೈನರ ಚಿತ್ರದಲ್ಲಿರುವ ಅಳತೆ ಆರಂಭಕ್ಕೆ ಮಾತ್ರ. ಕಡೆಯ ಅಳತೆ ನಿಶ್ಚಯವಾಗುತ್ತಿದ್ದುದು ಹಲಗೆಯ ಮೇಲೆ ಕಾಲಿಟ್ಟು ಅವಳು ಒಂದು ಗಂಟೆ ಕುಳಿತ ನಂತರ. ಅದೇ ಅಲ್ಲಿಯ ಪದ್ಧತಿಯಾಯಿತು.

ಮೇಸ್ತ್ರಿಯ ಹೆಂಡತಿ ಬಹಳ ಹಿಂದೆಯೇ ತೀರಿಹೋಗಿದ್ದರು. ಒಬ್ಬಳೇ ಮಗಳು ಮದುವೆಯಾಗಿ ದೂರದಲ್ಲಿದ್ದಳು. ಕಿವಿಯ ಮೇಲೆ ಪೆನ್ಸಿಲು, ಉಗುರಿನ ಸಂದಿಯಲ್ಲಿ ಒಣಗಿದ ಅಂಟು. ಅವಳು ಬರೀ ಮರದ ಕಚ್ಚಾ ಕುರ್ಚಿಯಲ್ಲಿ ಕುಳಿತಾಗ ಅವರು ನೆಲದ ಮೇಲೆ ಮಂಡಿಯೂರಿ, ಸೀಮೆಸುಣ್ಣ ಹಿಡಿದು ಕೇಳುತ್ತಿದ್ದರು.

"ತೊಡೆ ಕೆಳಗೆ?"

"ಏನಿಲ್ಲ."

"ಸೊಂಟ?"

"ಸ್ವಲ್ಪ ತಳ್ತಿದೆ."

"ಬಲಕ್ಕೋ ಎಡಕ್ಕೋ?"

"ಬಲಕ್ಕೆ. ಸಿಟ್ಟು ಬಂದ ಎಮ್ಮೆ ಒರಗಿದ ಹಾಗೆ."

ಮೇಸ್ತ್ರಿ ನಗದೆ ಮರದ ಮೇಲೆ ಒಂದು ಗೆರೆ ಎಳೆಯುತ್ತಿದ್ದರು. ನಗು ಬಂದುದು ಗೆರೆಯಲ್ಲಿ ಕಾಣುತ್ತಿತ್ತು. ಅಲ್ಲಿ ಅದು ಕೊಂಚ ಅಲುಗಿರುತ್ತಿತ್ತು.

ಹದಿನೇಳು ವರ್ಷ ಅವರ ನಡುವೆ ನಡೆದ ಮಾತೆಲ್ಲ ಇಂಥದೇ. ಒಂದು ಮಧ್ಯಾಹ್ನ ಮಾತ್ರ ಅವರು ಗೆರೆ ಎಳೆಯುವುದನ್ನು ನಿಲ್ಲಿಸಿ, "ಇವತ್ತು ಎಡಕ್ಕೆ ಭಾರ ಹಾಕ್ತಿದೀರಿ. ಬಲ ಮೊಣಕಾಲು ನೋಯ್ತಿದೆಯಾ?" ಎಂದರು. ಮೂರು ದಿನದಿಂದ ನೋಯುತ್ತಿತ್ತು. ಮನೆಯಲ್ಲಿ ಒಬ್ಬರೂ ಕೇಳಿರಲಿಲ್ಲ. "ಇಲ್ಲ ಮೇಸ್ತ್ರೇ, ಕುರ್ಚಿದೇ ಐಬು" ಎಂದು ಅವಳು ಹೇಳಿದಳು. ಅವರು ಆ ದಿನ ಯಾವ ಗೆರೆಯನ್ನೂ ಎಳೆಯಲಿಲ್ಲ.

ಹೊಲಿಗೆಯ ಹೆಂಗಸರಿಗೆ ಕಣ್ಣು ಸೂಜಿಯಷ್ಟೇ ಚೂಪು. "ಅಲ್ಲ, ಮುದುಕ ವಾಚ್‌ಮನ್ನೂ ನಿನ್ನನ್ನ ಅಕ್ಕ ಅಂತಾನೆ. ಮೇಸ್ತ್ರಿ ಒಬ್ರು ಮಾತ್ರ ಯಾಕೆ 'ಇವರೇ' ಅಂತಾರೆ?"

"ನನ್ನ ಹೆಸರು ಮರೆತಿರ್ಬೇಕು."

"ಹೆಂಡತಿ ಹೆಸರೂ ಹಾಗೇ ಮರೀತಾರಲ್ಲ ಗಂಡಸರು!"

ಎಲ್ಲರೂ ನಕ್ಕರು. ಅವಳೂ ನಕ್ಕಳು. ನಕ್ಕು, ಹೊಲಿದ ಸಾಲನ್ನು ಬಿಚ್ಚಿ ಮತ್ತೆ ಹೊಲಿದಳು.

ಆಮೇಲೆ ಕಂಪನಿ ಪೇಟೆಯ ದೊಡ್ಡ ಬೀದಿಯಲ್ಲಿ ಹೊಸ ಷೋರೂಮು ತೆರೆಯಲು ಹೊರಟಿತು. ಹಳೆಯ ಡಿಸೈನರ ಜಾಗಕ್ಕೆ ಚಿಕ್ಕ ವಯಸ್ಸಿನ ಒಬ್ಬ ಮೇಡಂ ಬಂದಿದ್ದರು. ಕುರ್ಚಿಗಳನ್ನು ಅಂಗಡಿಯ ಹಾಗೆ ಸಾಲಾಗಿ ಇಡಬಾರದು, ಕೋಣೆಗಳನ್ನೇ ಕಟ್ಟಬೇಕು ಎಂಬುದು ಅವರ ಯೋಚನೆ. ಕವರು ತೊಡಿಸಲು ಅಳತೆ ಅಕ್ಕನೂ ಅಲ್ಲಿಗೆ ಹೋಗಬೇಕಾಯಿತು. ನೆಲ ಕೊಳೆಯಾಗದಂತೆ ಕೆಲಸದವರೆಲ್ಲ ಕಾಲುಚೀಲ ತೊಟ್ಟು ಓಡಾಡಬೇಕು. ಅಲ್ಲೊಂದು ಊಟದ ಕೋಣೆ. ಎಂಟು ಮಂದಿಗೆ ತಟ್ಟೆ ಹಾಕಿತ್ತು. ಅಲ್ಲೊಂದು ಮಲಗುವ ಕೋಣೆ. ಹಾಸಿಗೆಯ ಒಂದು ಮೂಲೆಯನ್ನು ಈಗತಾನೇ ಯಾರೋ ಎದ್ದು ಹೋದರೆಂಬಂತೆ ಮಡಚಿತ್ತು. ಕಿಟಕಿ ಇತ್ತು, ಹಿಂದೆ ಬಯಲಿರಲಿಲ್ಲ. ಗಾಜಿನ ಹಿಂದೆ ದೀಪವಿಟ್ಟು ಬೆಳಗಿನ ಬಿಸಿಲನ್ನು ತಯಾರಿಸಿದ್ದರು. ಅವಳಿಗೆ ಅದು ಸುಳ್ಳೆಂದು ಗೊತ್ತಿತ್ತು. ಗೊತ್ತಿದ್ದೂ ಓದುವ ಕೋಣೆಯ ಬಾಗಿಲಲ್ಲಿ ಸೂಜಿ ಹಿಡಿದು ಬಹಳ ಹೊತ್ತು ನಿಂತಳು. ಕಪಾಟು, ಮೇಜುದೀಪ, ಮೆತ್ತನೆಯ ಜಮಖಾನೆ, ಎದುರುಬದುರು ಎರಡು ಕುರ್ಚಿಗಳಿಗೆಂದು ಬಿಟ್ಟ ಜಾಗ. ಆ ಎರಡು ಜಾಗವನ್ನು ನೋಡುತ್ತ ಅವಳ ಎದೆ ಭಾರವಾಯಿತು. ಇಂಥ ಕೋಣೆ ಬೇಕೆಂದಲ್ಲ. ಎದುರಿನ ಕುರ್ಚಿಯಲ್ಲಿ ಯಾರು ಕೂರಬೇಕೆಂದು ತನಗೆ ತಟ್ಟನೆ ತಿಳಿದುಹೋಯಿತಲ್ಲ ಎಂದು.

ಆ ಓದುವ ಕೋಣೆಯ ಕುರ್ಚಿಯೇ ಷೋರೂಮಿನ ಮುಖ್ಯ ಆಕರ್ಷಣೆಯಾಗಬೇಕಿತ್ತು. ಕೈ, ಕಾಲು, ಬೆನ್ನು ಎಲ್ಲವೂ ಬಾಗಿಸಿದ ಒಂದೇ ಮರದಲ್ಲಿ ಹರಿದು ಬರುವಂಥ ಕುರ್ಚಿ. ಮೇಡಂ ಷೋರೂಮಿನ ದೀಪ, ಗೋಡೆಗಳಲ್ಲಿ ಮುಳುಗಿದ್ದರು. ಅಳತೆಯ ಕೆಲಸವನ್ನು ಮೇಸ್ತ್ರಿಗೇ ಒಪ್ಪಿಸಿದ್ದರು. ಕಚ್ಚಾ ಕುರ್ಚಿ ಸಿದ್ಧವಾಗಿದೆಯೆಂದು ಒಂದು ಬೆಳಿಗ್ಗೆ ಅವಳಿಗೆ ಕರೆ ಬಂತು.

ಅವಳು ಕುಳಿತಳು. ಹಿಂಬದಿಯ ಮೆತ್ತೆ ಇರಲಿಲ್ಲ. ಬೆನ್ನು ಸೀದಾ ಮರಕ್ಕೆ ಒರಗಿತು. ಕಾಲು ಕೆಳಗಿಟ್ಟಳು. ಹಲಗೆ ಇರಲಿಲ್ಲ. ಪಾದ ನೆಲಕ್ಕೆ ತಾಗಿತು, ಪೂರ್ತಿಯಾಗಿ, ಹಿಮ್ಮಡಿಯ ಸಮೇತ. ಹದಿನೇಳು ವರ್ಷದಲ್ಲಿ ಅವಳು ಕುಳಿತ ನೂರಾರು ಕುರ್ಚಿಗಳೆಲ್ಲ ಬೇರೆ ಯಾರಿಗೋ ಆಗಿದ್ದವು. ಇದು ಅವಳದು.

ಹಲಗೆ ಅಲ್ಲೇ ಗೋಡೆಗೆ ಒರಗಿಕೊಂಡಿತ್ತು. ಅವಳು ನೋಡಿದಳು. ಮೇಸ್ತ್ರಿ ಎಂದಿನಂತೆ ಮಂಡಿಯೂರಿದ್ದರು, ತಲೆ ಎತ್ತಲಿಲ್ಲ.

"ತೊಡೆ ಕೆಳಗೆ?"

"ಏನಿಲ್ಲ."

"ಸೊಂಟ?"

"ಏನಿಲ್ಲ."

"ಎಲ್ಲಾದ್ರೂ ಚುಚ್ತಿದೆಯಾ?"

"ಎಲ್ಲೂ ಇಲ್ಲ ಮೇಸ್ತ್ರೇ."

ಒಂದು ಗಂಟೆಗೆಂದು ಕುಳಿತವಳು ಒಂದೂವರೆ ಗಂಟೆ ಕುಳಿತಳು. ಎದ್ದು, "ಸರಿಯಾಗಿದೆ" ಎಂದಳು. ಅವಳ ಕೆಲಸದ ಲೆಕ್ಕದಲ್ಲಿ ಅದು ಹಸಿ ಸುಳ್ಳು. ಅದೇ ಅಳತೆಗೆ ಅಚ್ಚು ಮಾಡಿ ಹನ್ನೆರಡು ಕುರ್ಚಿ ತಯಾರಿಸಿದರು.

ಷೋರೂಮು ತೆರೆಯಲು ವಾರವಿದ್ದಾಗ ಮಾಲೀಕರು ತಮ್ಮ ಸ್ನೇಹಿತರೊಬ್ಬರನ್ನು ಕರೆತಂದರು. ಆರಡಿ ಆಳು. ಓದುವ ಕೋಣೆಯ ಕುರ್ಚಿಯಲ್ಲಿ ಕುಳಿತ ಕೂಡಲೇ ಅವರ ಮೊಣಕಾಲು ಸೊಂಟಕ್ಕಿಂತ ಮೇಲೆ ಬಂತು. "ಏನಯ್ಯಾ, ನನ್ನನ್ನ ಶಿಶುವಿಹಾರಕ್ಕೆ ಸೇರಿಸೋಕೆ ಕರ್ಕೊಂಡ್ ಬಂದ್ಯಾ?" ಎಂದು ಅವರು ನಕ್ಕರು. ಮಾಲೀಕರು ನಗಲಿಲ್ಲ. ಮೇಡಂ ಟೇಪು ತಂದು ಅಳೆದರು. ಎತ್ತರದಲ್ಲಿ ಎರಡು ಬೆರಳು ಕಡಿಮೆ, ಆಳದಲ್ಲೂ ಅಷ್ಟೇ. ಒಂದೇ ಮರದ ಕುರ್ಚಿಯಾದ್ದರಿಂದ ಕಾಲು ಏರಿಸುವಂತೆಯೂ ಇರಲಿಲ್ಲ.

ಅದೇ ಕೋಣೆಯಲ್ಲಿ, ಆ ಸುಳ್ಳು ಬಿಸಿಲಿನ ಮುಂದೆ, ಎಲ್ಲರನ್ನೂ ನಿಲ್ಲಿಸಿ ಮೇಡಂ ಕೇಳಿದರು: "ಇದನ್ನ ನೋಡಿ ಒಪ್ಪಿದ್ದು ಯಾರು?"

ಅವಳು ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ಹೇಳಿದರು: "ಹಲಗೆ ಇಡೋದು ಮರೆತೆ ಮೇಡಂ. ನನ್ನ ತಪ್ಪು. ಅವರು ಎಂದಿನ ಹಾಗೆ ಕೂತ್ರು, ಅಷ್ಟೇ."

ಒಂದು ಮಾತು ಸಾಕಿತ್ತು. 'ಹಲಗೆ ಇಲ್ಲದ್ದು ನನಗೂ ಗೊತ್ತಿತ್ತು' ಎಂದರೆ ತಪ್ಪು ಇಬ್ಬರ ಪಾಲಾಗುತ್ತಿತ್ತು. ಆದರೆ ಗೊತ್ತಿದ್ದೂ ಏಕೆ ಸುಮ್ಮನಿದ್ದೆ ಎಂದು ಯಾರಾದರೂ ಕೇಳುತ್ತಿದ್ದರು, ಅದಕ್ಕಿರುವ ಉತ್ತರ ಒಂದೇ. ಮಾಲೀಕರು, ಮೇಡಂ, ಹೊಲಿಗೆಯ ಹೆಂಗಸರು ಎಲ್ಲರೂ ನಿಂತಿದ್ದರು. ಅವಳು ತನ್ನ ಕಾಲುಚೀಲದ ತುದಿಯನ್ನು ನೋಡುತ್ತ ನಿಂತಳು. ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದ ಹುಡುಗಿಗೆ ಅಂದು ನಾಲಿಗೆ ಏಳಲಿಲ್ಲ.

ಮೇಸ್ತ್ರಿಯನ್ನು ನಾಲ್ಕು ಗಂಟೆ ಬಸ್ಸಿನ ದಾರಿಯಲ್ಲಿದ್ದ ಮರದ ಡಿಪೊಗೆ ವರ್ಗ ಮಾಡಿದರು. ಅಲ್ಲಿ ಹಲಗೆ ಸೀಳುವುದು, ಒಣಗಿಸುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಹೊರಡುವ ದಿನ ಅವರು ಹೊಲಿಗೆ ವಿಭಾಗದ ಬಾಗಿಲಿಗೆ ಬಂದು, "ಬರ್ತೀನಿ ಇವರೇ" ಎಂದರು. ಅವಳು "ಹೂಂ" ಎಂದಳು. ಮೆಷಿನ್ನು ನಿಲ್ಲಿಸಿದ್ದರೆ ಇನ್ನೇನಾದರೂ ಹೇಳುತ್ತಿದ್ದಳೋ ಏನೋ, ನಿಲ್ಲಿಸಲಿಲ್ಲ.

ಹನ್ನೆರಡು ಕುರ್ಚಿಗಳಿಗೂ ಬಟ್ಟೆ ಮುಚ್ಚಿ ಗೋದಾಮಿನಲ್ಲಿಟ್ಟರು. ಅವಳು ಅತ್ತ ಹೋಗುವುದನ್ನೇ ಬಿಟ್ಟಳು. ಹೊಸ ಮೇಸ್ತ್ರಿ ಒಳ್ಳೆಯವನೇ. "ಅಕ್ಕ, ಹಲಗೆ ಇಟ್ಟಿದೀನಿ ನೋಡ್ಕೊಳ್ಳಿ" ಎಂದು ಎರಡೆರಡು ಸಲ ಹೇಳುತ್ತಿದ್ದನು. ಅವಳು ಕೂರುತ್ತಿದ್ದಳು, ಏಳುತ್ತಿದ್ದಳು, "ಸರಿಯಾಗಿದೆ" ಎನ್ನುತ್ತಿದ್ದಳು. ಕೂತಲ್ಲಿ ಕುರ್ಚಿಯ ಮಾತು ಕೇಳಿಸುತ್ತಿರಲಿಲ್ಲ. ಮೊಣಕಾಲು ನೋಯುತ್ತಿದ್ದರೆ ಬೇಕೆಂದೇ ಒಂದು ಕಡೆಗೆ ಭಾರ ಹಾಕಿ ನೋಡುತ್ತಿದ್ದಳು. ಹೊಸ ಮೇಸ್ತ್ರಿ ಅಳತೆ ಬರೆದುಕೊಂಡು ಹೋಗುತ್ತಿದ್ದನು.

ಹೀಗೆ ಆರು ತಿಂಗಳು ಕಳೆದ ಮೇಲೆ ಮೇಡಂ ಒಂದು ದಿನ ಅವಳ ಪಕ್ಕದಲ್ಲಿ ಬಂದು ನಿಂತರು. "ಏನಕ್ಕಾ, ಈಗೀಗ ಎಲ್ಲದಕ್ಕೂ ಸರಿಯಾಗಿದೆ ಅಂತೀರಿ. ಮೊದಲೆಲ್ಲ ಒಂದೊಂದು ಕುರ್ಚಿಗೂ ಜನ್ಮ ಜಾಲಾಡ್ತಿದ್ರಂತೆ?"

ಅವಳು ಹಲಗೆಯಿಂದ ಕಾಲು ತೆಗೆದಳು. "ಮೇಡಂ, ಅವತ್ತು ಹಲಗೆ ಇರ್ಲಿಲ್ಲ ಅಂತ ನಂಗೊತ್ತಿತ್ತು."

"ಯಾವತ್ತು?" ಎಂದವರು ತಾವೇ ಅರ್ಥ ಮಾಡಿಕೊಂಡರು. "ಗೊತ್ತಿದ್ದೂ ಸುಮ್ಮನಿದ್ರಾ? ಯಾಕೆ?"

"ಕಾಲು ನೆಲಕ್ಕೆ ತಾಗ್ತು ಮೇಡಂ."

ಮೇಡಂ ಬೈಯುತ್ತಾರೆಂದು ಅವಳು ಕಾದಳು. ಅವರು ಒಂದು ಸ್ಟೂಲು ಎಳೆದುಕೊಂಡು ಕುಳಿತರು. ಆಮೇಲೆ ಫೋನು ತೆರೆದು ಏನೋ ಹುಡುಕಿ, ಸೀಮೆಸುಣ್ಣದಿಂದ ಒಂದು ಬಟ್ಟೆಯ ಚೂರಿನ ಮೇಲೆ ಡಿಪೊದ ನಂಬರು ಬರೆದರು. "ಇದನ್ನ ನನಗೆ ಹೇಳಿ ಏನು ಬಂತಕ್ಕಾ? ನನಗೆ ಕುರ್ಚಿ ಹೋಯ್ತು, ಅಷ್ಟೇ. ಹೇಳ್ಬೇಕಾದವರಿಗೆ ಹೇಳಿ."

ಊಟದ ಬಿಡುವಿನಲ್ಲಿ ಅವಳು ಕಾರ್ಖಾನೆಯ ಹಿಂದಿನ ಮೆಟ್ಟಿಲ ಬಳಿ ಹೋದಳು. ಡಿಪೊದಲ್ಲಿ ಯಾರೋ ಫೋನು ಎತ್ತಿ, ಮೇಸ್ತ್ರಿಯನ್ನು ಕೂಗಿ ಕರೆದರು. ಹಿಂದೆ ಗರಗಸದ ಸದ್ದು.

"ಮೇಸ್ತ್ರೇ, ನಾನು."

"ಇವರೇ! ಹೇಳಿ, ಹೇಳಿ."

"ಹಲಗೆ ಇಲ್ಲದ್ದು ನನಗೆ ಗೊತ್ತಿತ್ತು. ಕೂತ ತಕ್ಷಣವೇ ಗೊತ್ತಾಯ್ತು."

ಗರಗಸದ ಸದ್ದು ದೂರವಾಯಿತು; ಅವರು ಹೊರಗೆ ಬಂದಿರಬೇಕು. "ನಿಮಗೆ ಗೊತ್ತಾಗಿತ್ತೋ ಇಲ್ವೋ ಅಂತ ನನಗೆ ಗೊತ್ತಾಗ್ಲೇ ಇಲ್ಲ. ಆರು ತಿಂಗಳಿಂದ ಇದೊಂದೇ ತಲೇಲಿ ಕೊರೀತಿತ್ತು."

"ನಿಜವಾಗ್ಲೂ ಮರೆತದ್ದಾ?"

"ಹದಿನೇಳು ವರ್ಷ ಇಟ್ಟೋನು ಮರೀತೀನಾ?"

ಅವಳಿಗೆ ಅವರ ಉಸಿರು ಕೇಳುತ್ತಿತ್ತು.

"ಭಾನುವಾರ ರಜಾ ಇರುತ್ತಾ ನಿಮಗೆ?" ಎಂದು ಕೇಳಿದಳು.

"ಇರುತ್ತೆ. ಆದ್ರೆ ಇಲ್ಲಿಗೆ ಬಂದು ಏನು ಮಾಡ್ತೀರಿ? ಬರೀ ಮರದ ರಾಶಿ. ನಿಮ್ಮನ್ನ ಕೂರ್ಸೋಕೆ ಒಂದು ನೆಟ್ಟಗಿನ ಜಾಗ ಇಲ್ಲ."

"ನಾಲ್ಕು ಗಂಟೆ ಬಸ್ಸಲ್ಲಿ ಕೂತೇ ಬರ್ತೀನಲ್ಲ ಮೇಸ್ತ್ರೇ. ನಿಂತ್ಕೊಂಡು ಮಾತಾಡೋಣ ಬಿಡಿ."

ಅಂದು ಇನ್ನೂ ಸೋಮವಾರ.