ಸುಂಕಸಾಳದ ದಾರಿಗೆ ಅಡ್ಡ ನಿಂತ ಚೈನ್ ಗಾಡಿ

2022ರ ಬೇಸಿಗೆ. ಸರಕಾರಿ ಯೋಜನೆಯೊಂದರ ಯಂತ್ರ ವಿಭಾಗದಲ್ಲಿ ಹೆವಿ ಮೆಷಿನರಿ ಆಪರೇಟರ್ ಆಗಿದ್ದು, ನಿವೃತ್ತನಾಗಿ ನಾನು ಅವರ್ಸಾದ ಮನೆಗೆ ಬಂದಿದ್ದೆ. ನಿವೃತ್ತರು ಮಾಡುವ ಕೆಲಸಗಳು ಯಾವುವೂ ನನಗೆ ಹಿಡಿಸಲಿಲ್ಲ. ಬೆಳಗಿನ ವಾಕಿಂಗ್ ಎರಡೇ ದಿನಕ್ಕೆ ಬೇಸರ ಬಂತು. ಕೊನೆಗೆ, ಇಲಾಖೆ ಗುಜರಿ ಎಂದು ಹರಾಜಿಗೆ ಹಾಕಿದ ಹಳೇ ಕ್ರಾಲರ್ ಲೋಡರೊಂದನ್ನು ಹಿಡಿದು ತಂದು, ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ, ಸುತ್ತಲಿನ ಹಳ್ಳಿಗಳಲ್ಲಿ ಮಣ್ಣುಕೆಲಸಕ್ಕೆ ಓಡಿಸತೊಡಗಿದೆ. ಸರ್ವಿಸಿನಲ್ಲಿದ್ದಾಗ ನಾನೇ ಓಡಿಸಿದ ಯಂತ್ರ ಅದು. ಅದಕ್ಕೆ ಗುಜರಿ ಎಂದು ಷರಾ ಬರೆದವರ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಕ್ರಾಲರ್ ಲೋಡರ್ ನೋಡದವರಿಗೆ ಎರಡು ಮಾತು. ಬುಲ್‌ಡೋಜರಿನ ಹಾಗೆ ಕಬ್ಬಿಣದ ಚೈನಿನ ಮೇಲೆ ನಡೆಯುವ, ಮುಂದೆ ದೊಡ್ಡ ಬಕೆಟ್ ಇರುವ ಯಂತ್ರ. ನಮ್ಮಲ್ಲಿ ಅದು ಬರೀ ಚೈನ್ ಗಾಡಿ. ಈಗ ಎಲ್ಲೆಲ್ಲೂ ಕಾಣುವ ಎಕ್ಸ್‌ಕವೇಟರ್ ನಿಂತಲ್ಲೇ ನಿಂತು ಉದ್ದ ಕೈ ಚಾಚಿ ಮಣ್ಣು ಬಗೆಯುತ್ತದೆ. ನನ್ನ ಗಾಡಿಗೆ ಆ ಸುಖವಿಲ್ಲ. ಅದು ಗುಡ್ಡದ ಬುಡಕ್ಕೇ ಹೋಗಿ ಮೂಗು ತುರುಕಬೇಕು, ಬಕೆಟ್ ಎತ್ತಬೇಕು, ಹಿಂದೆ ಸರಿಯಬೇಕು, ಹೊರಳಬೇಕು, ಸುರಿಯಬೇಕು. ಹೊರಳಿಸಲು ಸ್ಟೀರಿಂಗ್ ಚಕ್ರವಿಲ್ಲ, ಎರಡು ಲಿವರ್ ಇವೆ. ಎಡದ್ದನ್ನು ಎಳೆದರೆ ಎಡಬದಿಯ ಚೈನಿಗೆ ಎಂಜಿನ್ನಿನ ಸಂಪರ್ಕ ತಪ್ಪಿ ಗಾಡಿ ಆ ಕಡೆ ತಿರುಗುತ್ತದೆ. ನಿಧಾನ, ಗದ್ದಲ, ಹೊಗೆ, ತಲೆಯ ಮೇಲೆ ಬಿಸಿಲು. ಆದರೆ ಬಕೆಟ್ಟಿನ ಹಲ್ಲು ಕಲ್ಲಿಗೆ ತಾಗಿತೋ ಜೇಡಿಗೆ ತಾಗಿತೋ ಎನ್ನುವುದು ಸೀಟಿನಿಂದ ನೇರ ಬೆನ್ನಿಗೆ ತಿಳಿಯುತ್ತದೆ.

ಆ ಮೇ ತಿಂಗಳಲ್ಲಿ ಕಾರವಾರದ ಕೋಡಿಬಾಗದಿಂದ ಸುಧಾಕರ ಎಂಬವರು ನನ್ನನ್ನು ಹುಡುಕಿಕೊಂಡು ಬಂದರು. ನೌಕರಿಯ ಮನುಷ್ಯ, ಮಾತು ಜೋರು, ಮನಸ್ಸು ಕೆಟ್ಟದ್ದಲ್ಲ. ಸುಂಕಸಾಳದಲ್ಲಿ ಹೆದ್ದಾರಿಯಿಂದ ಒಳಗೆ ಅವರಿಗೆ ಅಜ್ಜನ ಕಾಲದ ಗುಡ್ಡದ ಜಾಗವಿತ್ತು. ಗುಡ್ಡದ ನಡುವೆ ಹಾಸಿದಂತಿದ್ದ ಸಣ್ಣ ತಟ್ಟಿನಲ್ಲಿ ಮನೆ ಕಟ್ಟಬೇಕು, ಮಳೆಗೆ ಮೊದಲು ಜಾಗ ಸಮ ಆಗಬೇಕು ಎಂಬುದು ಅವರ ಯೋಚನೆ.

"ನಂಗೆ ಅಂಗಳ ದೊಡ್ಡದ್ ಬೇಕು ದತ್ತಣ್ಣಾ. ಮಗಳ ಮದ್ವೆ ಕಲ್ಯಾಣಮಂಟಪದಲ್ಲಿ ಮಾಡೂದಿಲ್ಲ, ಅಲ್ಲೇ ಚಪ್ಪರ ಹಾಕೂದು. ಒಂದೇ ಪಂಕ್ತಿಲಿ ಊರೆಲ್ಲ ಕೂಡ್ಬೇಕು," ಅಂದರು. ಹಿಂದಿನ ಗುಡ್ಡವನ್ನು ಮೂರಾಳೆತ್ತರ ನೇರಕ್ಕೆ ಕಡಿದರೆ ಅಷ್ಟು ಅಂಗಳ ಸಿಗುತ್ತಿತ್ತು.

ತಟ್ಟಿನ ಕೆಳಗೆ, ಇಳಿಜಾರು ಮುಗಿಯುವಲ್ಲಿ, ಹೊನ್ನಮ್ಮನ ಮನೆ. ಅವಳು, ಗಂಡ ಮಂಗೇಶ, ಇಬ್ಬರು ಮಕ್ಕಳು. ಮಂಗೇಶ ಸುಧಾಕರರ ಜಾಗ ನೋಡಿಕೊಳ್ಳುತ್ತ, ಉಳಿದ ದಿನ ಕೂಲಿಗೆ ಹೋಗುತ್ತಿದ್ದ. ಹೊಸ ಮನೆಯಾದರೆ ಅವನಿಗೆ ಅಲ್ಲಿ ಕಾಯಂ ಕೆಲಸವೆಂದು ಮಾತಾಗಿತ್ತು. ಅವರ ಅಡುಗೆಮನೆಯ ಹಿಂಗೋಡೆ ಗುಡ್ಡದ ಕಡೆಗೇ ಇತ್ತು.

ಮೊದಲ ವಾರ ಹೆದ್ದಾರಿಯಿಂದ ತಟ್ಟಿನವರೆಗೆ ದಾರಿ ಮಾಡಿದೆ. ನಡುವೆ ಒಂದು ಕಡೆ ದಾರಿ ತೀರ ಇಕ್ಕಟ್ಟು. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಹೊನ್ನಮ್ಮನ ಮನೆಯತ್ತ ಇಳಿಜಾರು. ಬಂಡೆ ಒಡೆಯುವ ಗೋಜಿಗೆ ಹೋಗದೆ ಗಾಡಿ ದಾಟುವಷ್ಟೇ ಅಗಲ ಮಾಡಿ ಮುಂದೆ ಹೋದೆ. ತಟ್ಟಿನ ಕಲ್ಲು, ಮರದ ಬುಡ್ಡೆ ತೆಗೆದು, ತಗ್ಗು ತುಂಬಿ, ಚೈನಿನಿಂದಲೇ ತುಳಿದು ಗಟ್ಟಿ ಮಾಡಿದೆ. ಆಮೇಲೆ ಗುಡ್ಡದ ಬುಡಕ್ಕೆ ಬಕೆಟ್ ಹಚ್ಚಿದೆ. ಮೇಲೆಲ್ಲ ಕೆಂಪು ಜಂಬಿಟ್ಟಿಗೆ, ಬಿಸಿಲಿಗೆ ಕಾದು ಬಿರುಸಾಗಿತ್ತು. ಹಲ್ಲು ತಾಗಿದಾಗಲೆಲ್ಲ ಗಾಡಿ ಅದುರುತ್ತಿತ್ತು.

ಒಂದಾಳೆತ್ತರ ಕಡಿದ ಹೊತ್ತಿಗೆ ಅದುರುವುದು ನಿಂತಿತು. ಬಕೆಟ್ ಬೆಣ್ಣೆಗೆ ಹೋದಂತೆ ಒಳಗೆ ಹೋಯಿತು. ಹೊರಗೆ ಬಂದದ್ದು ಶೇಡಿ. ಜಂಬಿಟ್ಟಿಗೆಯ ಅಡಿಯಲ್ಲಿ ಸಿಗುವ ಬಿಳಿ, ನಸುಗುಲಾಬಿ ಬಣ್ಣದ ನುಣ್ಣನೆ ಮಣ್ಣು. ನಮ್ಮ ಕಡೆಯ ಹೆಂಗಸರು ಅದನ್ನು ನೀರಿನಲ್ಲಿ ಕದಡಿ ಗೋಡೆಗೆ ಬಳಿಯುತ್ತಾರೆ, ಕೆಂಪು ನೆಲದ ಮೇಲೆ ಗೆರೆ ಎಳೆಯುತ್ತಾರೆ. ಬಿಳಿ ಮಣ್ಣು ಕಂಡದ್ದೇ ಹೊನ್ನಮ್ಮ ಬುಟ್ಟಿ ಹಿಡಿದು ಏರಿ ಬಂದಳು.

"ದತ್ತಣ್ಣಾ, ಒಂದ್ ಚಣ ನಿಲ್ಸಿ! ಒಂದ್ ಬುಟ್ಟಿ ತಕಂಡ್ ಹೋಗ್ತೆ."

ಕೂತು ಒಂದು ಮುಷ್ಟಿ ತೆಗೆದು ಉಂಡೆ ಕಟ್ಟಿದಳು. ಉಂಡೆ ಹಾಗೇ ನಿಂತಿತು. ಅವಳ ಮುಖ ಅರಳಿತು. "ಎಷ್ಟ್ ಚಂದ ಹಸಿ ಇದ್ ನೋಡಿ! ಇದ್ಕೆ ನೀರ್ ಹಾಕೂದೇ ಬ್ಯಾಡ."

ನಾನು ಎಂಜಿನ್ ಆಫ್ ಮಾಡಿದೆ. ಮೇ ತಿಂಗಳು, ಬಾವಿಗಳು ತಳ ಕಂಡ ಕಾಲ. ಒಂದು ಹನಿ ಮಳೆ ಬಿದ್ದಿರಲಿಲ್ಲ. ಗುಡ್ಡದ ಒಳಗೆ ಶೇಡಿ ಹಸಿಯಾಗಿದೆ ಎಂದರೆ ಎಲ್ಲಿಂದಲೋ ನೀರು ಅಲ್ಲಿಗೆ ದಾರಿ ಮಾಡಿಕೊಂಡಿದೆ ಎಂದರ್ಥ. ಇಳಿದು ಕೈಯಿಂದ ಕೆದರಿದೆ, ಬೆರಳು ಸಲೀಸಾಗಿ ಇಳಿಯಿತು. ಊಟ ಮುಗಿಸಿ ಬಂದು ನೋಡಿದರೆ ಚೈನಿನ ಅಚ್ಚಿನಲ್ಲಿ ನೀರು ನಿಂತಿತ್ತು. ಫೋನ್ ಮಾಡಿ ಸುಧಾಕರರನ್ನು ಕರೆಸಿದೆ.

"ಎಂತಕ್ಕೆ ನಿಲ್ಸದ್ರಿ?"

"ಇನ್ ಮುಂದೆ ಕಡಿಯೂದಿಲ್ಲ. ಒಳಗೆ ಶೇಡಿ ಹಸಿ ಇದೆ. ಮಳೆ ಹಿಡದ್ರೆ ಸಾಬೂನ್ ಆಗ್ತದೆ. ಮೇಲಿನ ಗುಡ್ಡ ಜಾರಿದ್ರೆ ನಿಮ್ ಅಂಗಳದಲ್ಲಿ ನಿಲ್ಲೂದಿಲ್ಲ, ಹೊನ್ನಮ್ಮನ ಅಡಗೆಮನೆಗೇ ಹೋಗೂದು."

"ಅರೇ ದೇವಾ, ಅಜ್ಜನ ಕಾಲದಿಂದ ನಿಂತ ಗುಡ್ಡ ಅದು!"

"ನಿಮ್ ಅಜ್ಜ ಅದ್ರ ಬುಡ ಕಡೀಲಿಲ್ಲ."

"ಬೀಳ್ತದೆ ಅಂತ ಬರ್ದ್ ಕೊಡ್ತ್ರಾ?"

"ಬೀಳೂದಿಲ್ಲ ಅಂತ ನೀವ್ ಬರ್ದ್ ಕೊಡಿ, ಹೊನ್ನಮ್ಮಂಗೆ."

ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ನೀರಿಗೆ ಬೇರೆ ಕಾಲುವೆ ಮಾಡಿಕೊಡುವ ಕ್ರಮ ಒಂದಿದೆ. ಅದಕ್ಕೆ ಮೇಲೆ ಜಾಗ ಬೇಕು. ಮೇಲೆ ಸುಧಾಕರರ ಗಡಿ ಮುಗಿದು ಕಾಡು ಶುರುವಾಗುತ್ತಿತ್ತು. ಇದನ್ನೆಲ್ಲ ಬಿಡಿಸಿ ಹೇಳಿದೆ. ಅವರಿಗೆ ಮಗಳ ಮದುವೆಯ ಚಪ್ಪರವಷ್ಟೇ ಕಾಣುತ್ತಿತ್ತು. "ಗಾಡಿ ಹಳೇದಾಯ್ತು, ನಿಮ್ಗೂ ವಯಸ್ಸಾಯ್ತು, ಹೆದ್ರಿಕೆ ಹಿಡದಿದೆ. ನಾಳೆ ಬೆಳಿಗ್ಗೆ ಎಕ್ಸ್‌ಕವೇಟರ್ ಬರ್ತದೆ. ನಿಮ್ದು ತಕಂಡ್ ಹೋಗಿ," ಎಂದು ಕಾರು ಹತ್ತಿದರು.

ಹೆದರಿಕೆ ಹಿಡಿದದ್ದು ನಿಜ. ಅದಕ್ಕಿಂತ ಹೆಚ್ಚು ಸಿಟ್ಟು ಹಿಡಿದಿತ್ತು. ಆ ಮಧ್ಯಾಹ್ನವೆಲ್ಲ ಕಡಿದ ಮಣ್ಣನ್ನೇ ಎತ್ತಿ ಎತ್ತಿ ಗುಡ್ಡದ ಬುಡಕ್ಕೆ ಒತ್ತಿದೆ. ಮೇಲೆ ಗಾಡಿ ಓಡಿಸಿ ತುಳಿಸಿದೆ. ಶೇಡಿ ಪೂರ್ತಿ ಮುಚ್ಚಿತು. ಕೆಳಗಿನಿಂದ ಹೊನ್ನಮ್ಮ ಕೂಗಿದಳು: "ಎಂತದ್ ಇದು, ಕಡದ್ದನ್ನೇ ಮತ್ತೆ ತುಂಬೂದಾ? ಬಿಸಿಲ್ ತಲೆಗೆ ಹತ್ತಿತಾ?"

ಆದರೆ ನಾನು ಅರ್ಧ ದಿನ ತುಂಬಿದ್ದನ್ನು ಎಕ್ಸ್‌ಕವೇಟರ್ ಒಂದು ಗಳಿಗೆಯಲ್ಲಿ ತೆಗೆಯುತ್ತಿತ್ತು. ಅರ್ಜಿ ಬರೆದು ಯಾರದೋ ಮೇಜಿಗೆ ಮುಟ್ಟಿಸುವಷ್ಟರಲ್ಲಿ ಗುಡ್ಡದ ಬುಡವೇ ಇರುತ್ತಿರಲಿಲ್ಲ. ಸಂಜೆ ಗಾಡಿ ಹೊರಗೆ ತರುತ್ತ ಆ ಇಕ್ಕಟ್ಟಿನಲ್ಲಿ ನಿಲ್ಲಿಸಿದೆ. ಬಂಡೆಗೂ ಇಳಿಜಾರಿಗೂ ನಡುವೆ ಒಬ್ಬ ಮನುಷ್ಯ ಮಗ್ಗುಲಾಗಿ ದಾಟುವಷ್ಟೇ ಜಾಗ ಉಳಿದಿತ್ತು. ಗಾಡಿ ಇಲ್ಲೇ ಅಡ್ಡ ನಿಲ್ಲಲಿ ಎಂದು ಆಗ ತೀರ್ಮಾನಿಸಿದೆ.

ಚೈನ್ ಎಂದರೆ ಕಬ್ಬಿಣದ ಕೊಂಡಿಗಳ ಸಾಲು. ಅದರಲ್ಲಿ ಒಂದು ಪಿನ್ ಮಾತ್ರ ಹೊಡೆದು ತೆಗೆಯಲು ಬರುತ್ತದೆ, ಅದಕ್ಕೆ ಮಾಸ್ಟರ್ ಪಿನ್ ಎನ್ನುತ್ತಾರೆ. ಅದು ಹೋದರೆ ಚೈನ್ ಬಿಚ್ಚಿಕೊಳ್ಳುತ್ತದೆ. ಬಿಗಿ ಸಡಿಲಿಸಿ, ಪಿನ್ ಇದ್ದ ಕೊಂಡಿಯನ್ನು ಚೈನ್ ಸುತ್ತುವ ಮುಂದಿನ ಚಕ್ರಕ್ಕೆ ತಂದು, ದೊಡ್ಡ ಸುತ್ತಿಗೆಯಿಂದ ಹೊಡೆದೆ. ಪಿನ್ ಬಾಗಿಕೊಂಡೇ ಹೊರಬಂತು. ಗಾಡಿಯನ್ನು ಚೂರು ಹಿಂದೆ ಸರಿಸಿದೆ. ಚೈನ್ ಉದ್ದಕ್ಕೆ ನೆಲದ ಮೇಲೆ ಮಲಗಿತು. ಬಕೆಟ್ ನೆಲಕ್ಕೆ ಊರಿ, ಎಂಜಿನ್ ನಿಲ್ಲಿಸಿ, ಪಿನ್ನನ್ನು ಸ್ಕೂಟರಿನ ಡಿಕ್ಕಿಗೆ ಹಾಕಿ ಮನೆಗೆ ಬಂದೆ. ಹೆಂಡತಿ ಪಿನ್ ನೋಡಿ, ನಡೆದದ್ದನ್ನು ಕೇಳಿ, "ನೌಕರಿಲಿ ಇರೂವಾಗ ಇಷ್ಟ್ ಧೈರ್ಯ ಎಲ್ಲಿತ್ತು?" ಎಂದಳು.

ಮರುದಿನ ಬೆಳಿಗ್ಗೆ ನಾನು ಬಸ್ಸಿಳಿದು ಹೋಗುವಾಗ ಟ್ರೇಲರ್ ಲಾರಿಯಲ್ಲಿ ಎಕ್ಸ್‌ಕವೇಟರ್ ಬಂದು ನಿಂತಿತ್ತು. ಅದರ ಆಪರೇಟರ್ ನನ್ನ ಗಾಡಿಯನ್ನು ಸುತ್ತು ಹಾಕಿ ನೋಡಿದ. "ಸಾಯೇಬ್ರೆ, ಚೈನ್ ಇಲ್ದೆ ಇದನ್ನ ಎಳದ್ರೆ ಮಗ್ಗುಲಾಗಿ ಕೆಳಗಿನ ಮನೆ ಮೇಲೇ ಹೋಗ್ತದೆ. ನಂಗ್ ಬ್ಯಾಡ ಈ ಉಸಾಬರಿ," ಎಂದು ಸುಧಾಕರರಿಗೆ ಹೇಳಿದ. ಅವನಿಗೆ ಬೇರೆ ಕಡೆ ಕೆಲಸ ಕಾಯುತ್ತಿತ್ತು. ಹೋದ.

"ಪಿನ್ ಎಲ್ಲಿ?" ಸುಧಾಕರರ ಮುಖ ಕೆಂಪಾಗಿತ್ತು.

"ಮನೇಲಿದೆ. ಬಾಗಿದೆ. ಹೊಸದ್ ಬೇಕು. ಈ ಗಾಡಿ ಸಾಮಾನ್ ಈಗ ಎಲ್ಲಿ ಸಿಗ್ತದೆ?"

"ಇದ್ ನನ್ ಜಾಗೆ, ದತ್ತಣ್ಣ!"

"ಜಾಗೆ ನಿಮ್ದೇ. ಗಾಡಿ ನಂದು. ಕೆಟ್ ನಿಂತಿದೆ, ಎಂತ ಮಾಡೂದು?"

"ಪೊಲೀಸ್ರಿಗೆ ಹೇಳ್ತೆ."

"ಹೇಳಿ. ಬಂದ್ರೆ ಮೊದ್ಲು ಗುಡ್ಡ ತೋರ್ಸ್ತೆ."

ಪೊಲೀಸರಿಗೆ ಅವರು ಹೇಳಲಿಲ್ಲ. ಆದರೆ ನನ್ನನ್ನು ನಿಜವಾಗಿ ಅಲ್ಲಾಡಿಸಿದವಳು ಹೊನ್ನಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿ ಏರಿ ಬಂದು ನನ್ನೆದುರೇ ನಿಂತಳು. "ನಿಮ್ಗೆ ಪಿಂಚಣಿ ಬರ್ತದೆ ದತ್ತಣ್ಣಾ. ಮನೆ ಆಗ್ದಿದ್ರೆ ನಮ್ ಮನೆಯವ್ರ ಕೆಲ್ಸ ಹೋಗ್ತದೆ. ನೀವ್ ಗಾಡಿ ತಕಂಡ್ ಇವತ್ತಲ್ಲ ನಾಳೆ ಹೋಗ್ತ್ರಿ. ನಾವ್ ಇಲ್ಲೇ ಇರೂರು."

"ಇಲ್ಲೇ ಇರ್ಬೇಕು ಅಂತಲೇ ಗಾಡಿ ನಿಲ್ಸದ್ದು," ಅಂದೆ. ಅವಳು ನಂಬಲಿಲ್ಲ. ಯಾರಿಗಾಗಿ ಹಟ ಹಿಡಿದಿದ್ದೆನೋ ಅವರಿಂದಲೇ ಬೈಸಿಕೊಂಡು ಬಸ್ ಸ್ಟಾಪಿನಲ್ಲಿ ಕೂತಾಗ ಬಹಳ ನೋವಾಯಿತು. ಪಿನ್ ತಂದು ಹಾಕಿಬಿಡಲೇ ಎಂದೂ ಅನ್ನಿಸಿತು. ಹಾಕಲಿಲ್ಲ.

ಜೂನಿನಲ್ಲಿ ಮಳೆ ಹಿಡಿಯಿತು. ಮಳೆಗೆ ಮೊದಲು ನನಗೆ ಸಿಗಬೇಕಿದ್ದ ಕೆಲಸಗಳೆಲ್ಲ ಕೈತಪ್ಪಿದ್ದವು. ಅವರ್ಸಾದ ಚಹದಂಗಡಿಯಲ್ಲಿ ನನಗೆ 'ಪಿನ್ ದತ್ತಣ್ಣ' ಎಂದು ಹೆಸರು ಬಿತ್ತು. ಆಗಾಗ ಬಸ್ಸು ಹಿಡಿದು ಹೋಗಿ ಗಾಡಿ ನೋಡಿ ಬರುತ್ತಿದ್ದೆ. ತುಕ್ಕು ಏರುತ್ತಿತ್ತು. ಸೀಟಿನ ಅಡಿಯಲ್ಲಿ ಹೊನ್ನಮ್ಮನ ಕೋಳಿ ಮೊಟ್ಟೆ ಇಡಲು ಶುರು ಮಾಡಿತ್ತು.

ಮಳೆಯ ನಟ್ಟನಡುವೆ ಒಂದು ದಿನ ಹೋದಾಗ ಗುಡ್ಡದ ಬುಡದಿಂದ ಶೇಡಿ ಕದಡಿದ ಹಾಲಿನಂಥ ನೀರು ಸಣ್ಣಗೆ ಹರಿಯುತ್ತಿತ್ತು. ಹೊನ್ನಮ್ಮ ತಲೆಯಿಂದ ಬೆನ್ನಿನವರೆಗೆ ಮಳೆ ತಡೆಯುವ ಗೊಬ್ಬೆ ಹಾಕಿಕೊಂಡು ಅದನ್ನೇ ನೋಡುತ್ತ ನಿಂತಿದ್ದಳು. ನನ್ನನ್ನು ಕಂಡರೂ ಬೈಯಲಿಲ್ಲ. "ಈ ಬಿಳಿ ನೀರ್ ನಾ ಬಂದಾಗಿಂದ ಕಂಡದ್ದಿಲ್ಲ," ಅಂದಳು. ಮನೆಯತ್ತ ತಿರುಗಿ, "ಮಕ್ಕಳ್ನ ಮುಂದಿನ ಕೋಣೆಲಿ ಮಲಗಿಸ್ತೆ ಈಗ," ಎಂದಳು.

ಗುಡ್ಡ ಕುಸಿಯಲಿಲ್ಲ. ಇದನ್ನು ಓದುವವರು ಕುಸಿಯಿತು ಎಂದು ಹೇಳಲಿ, ಮುದುಕ ಗೆಲ್ಲಲಿ ಎಂದು ಕಾದಿರಬಹುದು. ಒಂದು ಬುಟ್ಟಿ ಮಣ್ಣೂ ಬೀಳಲಿಲ್ಲ. ಮಳೆ ಕಳೆದ ಮೇಲೆ ಹೊಸ ಪಿನ್ ಮಾಡಿಸಿ ತಂದು, ಮಂಗೇಶನನ್ನು ಕರೆದುಕೊಂಡು ಚೈನ್ ಜೋಡಿಸುತ್ತಿದ್ದಾಗ ಸುಧಾಕರ ಬಂದು ಕೈಕಟ್ಟಿ ನಿಂತರು.

"ಬೀಳ್ಲಿಲ್ಲಲ್ಲ?"

"ಕಡೀಲಿಲ್ಲಲ್ಲ."

ಅವರು ನಗಲಿಲ್ಲ. ಆದರೆ ಮತ್ತೆ ಎಕ್ಸ್‌ಕವೇಟರ್ ಕರೆಸಲೂ ಇಲ್ಲ. ಆ ಬಿಳಿ ನೀರಿನ ಸುದ್ದಿ ಮಂಗೇಶನಿಂದ ಅವರಿಗೆ ಮುಟ್ಟಿತ್ತು. ಇದ್ದಷ್ಟೇ ತಟ್ಟಿನಲ್ಲಿ ಮನೆ ಎದ್ದಿತು. ಅಂಗಳ ಚಿಕ್ಕದೇ ಆಯಿತು. ಮಂಗೇಶನ ಕೆಲಸ ಉಳಿಯಿತು.

ಕಡಿದಿದ್ದರೆ ಬೀಳುತ್ತಿತ್ತೇ? ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಅಂದೂ ಹೇಳಿರಲಿಲ್ಲ. ಸರ್ವಿಸಿನ ಉದ್ದಕ್ಕೂ ನಾನು ಸರಿಸಿದ ಮಣ್ಣಿಗೆ ಲೆಕ್ಕ ಇಟ್ಟವರಿದ್ದರು, ಶಾಭಾಸ್ ಎಂದವರೂ ಇದ್ದರು. ಸರಿಸದೆ ಬಿಟ್ಟ ಮಣ್ಣಿಗೆ ಯಾರೂ ಏನೂ ಅನ್ನುವುದಿಲ್ಲ, ಏಕೆಂದರೆ ತೋರಿಸಲು ಅಲ್ಲಿ ಏನೂ ಇರುವುದಿಲ್ಲ. ಆ ಕೆಲಸವನ್ನು ಸಾಕ್ಷಿ ಇಲ್ಲದೆ, ಬೈಸಿಕೊಂಡೇ ಮಾಡಬೇಕು. ಈ ಕಸುಬು ನನಗೆ ಕಲಿಸಿದ್ದು ಅದು, ಕಲಿಸಿದ್ದು ನಿವೃತ್ತಿಯ ನಂತರ.

ಎರಡನೇ ಬೇಸಿಗೆಗೆ ಸುಧಾಕರರ ಮಗಳ ಮದುವೆ ಆ ಮನೆಯಲ್ಲೇ ಆಯಿತು. ನನ್ನನ್ನೂ ಕರೆದಿದ್ದರು. ಚಪ್ಪರದಲ್ಲಿ ಅರ್ಧ ಜನಕ್ಕಷ್ಟೇ ಜಾಗ. ಉಳಿದವರ ಪಂಕ್ತಿಯನ್ನು ಕೆಳಗೆ ಹೊನ್ನಮ್ಮನ ಅಂಗಳದಲ್ಲಿ ಹಾಕಿದ್ದರು. ಸಗಣಿ ಸಾರಿಸಿದ ಅಂಗಳ, ಕೆಮ್ಮಣ್ಣಿನ ಗೋಡೆಗೆ ಶೇಡಿಯ ಬಿಳಿ ಗೆರೆಗಳು. ಅವಳ ಮಕ್ಕಳು ಲೋಟ ಹಿಡಿದು ನೀರು ಬಡಿಸುತ್ತಿದ್ದರು. ಸುಧಾಕರ ಬೆವರು ಒರೆಸುತ್ತ ನನ್ನ ಎಲೆಯ ಮುಂದೆ ಬಂದು ನಿಂತು, ಅಕ್ಕಪಕ್ಕದವರಿಗೆ ಕೇಳುವ ಹಾಗೆ ಅಂದರು: "ನೋಡಿ, ಇವ್ರಿಂದಾಗಿ ನಂಗೆ ಮಗಳ ಮದ್ವೆ ಊಟಾನ ಮತ್ತೊಬ್ರ ಅಂಗಳದಲ್ಲಿ ಹಾಕೂ ಹಾಗಾಯ್ತು."

ಪಂಕ್ತಿಯಲ್ಲಿದ್ದವರು ನಕ್ಕರು. ನಾನೂ ನಕ್ಕೆ, ಎಲೆಗೆ ಬಿದ್ದ ಅನ್ನಕ್ಕೆ ಗುಂಡಿ ಮಾಡುತ್ತ.

"ಹಾಕೂಕೆ ಈ ಅಂಗಳ ಇತ್ತಲ್ಲ ಸುಧಾಕರ," ಅಂದೆ. "ಸಾರು ಈ ಕಡೆ ಬರ್ಲಿ."